ಚಳಿಯ ನಡಿಗೆಯಲ್ಲಿ ಬೆವರಿನ ಲೆಕ್ಕ

ಚಳಿಗಾಲದಲ್ಲಿ ದಿನವಿಡೀ ನಡೆಯಲು ಹೊರಡುವಾಗ ನಾನು ಚಳಿಗಿಂತ ಹೆಚ್ಚಾಗಿ ಬೆವರಿಗೆ ಅಂಜುತ್ತೇನೆ. ಮೊದಮೊದಲು ಹತ್ತಿಯ ಬನಿಯನ್ನಿನ ಮೇಲೆ ದಪ್ಪನೆಯ ಸ್ವೆಟರ್, ಅದರ ಮೇಲೆ ಇನ್ನೂ ದಪ್ಪನೆಯ ಜಾಕೆಟ್ ತೊಟ್ಟು ಬೆಚ್ಚಗೆ ಹೊರಡುತ್ತಿದ್ದೆ. ಒಮ್ಮೆ ಕಡಿದಾದ ಏರು ಮುಗಿಸಿ, ಗಾಳಿ ಬೀಸುವ ನೆತ್ತಿಯಲ್ಲಿ ಬೆನ್ನುಚೀಲ ಇಳಿಸಿದಾಗ, ಚೀಲ ಒತ್ತಿಕೊಂಡಿದ್ದಷ್ಟು ಜಾಗದಲ್ಲಿ ಬನಿಯನ್ ತೊಯ್ದು ಬೆನ್ನಿಗೆ ಅಂಟಿತ್ತು. ಐದೇ ನಿಮಿಷದಲ್ಲಿ ಅದು ಕೊರೆಯತೊಡಗಿತು. ಜಿಪ್ಪಿನ ತುದಿ ಹಿಡಿದೆಳೆಯಲು ಬೆರಳುಗಳಲ್ಲಿ ಕಸುವಿರಲಿಲ್ಲ.

ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ಮೈಯ ಬಿಸಿಯನ್ನು ಕಾಯುತ್ತದೆ. ನೀರು ಆ ನಿಶ್ಚಲ ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುವುದರಿಂದ, ಬೆವರನ್ನು ಹೀರಿ ಹಿಡಿದಿಟ್ಟುಕೊಂಡು ನಿಧಾನವಾಗಿ ಒಣಗುವ ಹತ್ತಿಯು ಇಂಥ ನಡಿಗೆಗೆ ಒಗ್ಗುವುದಿಲ್ಲ. ಮೈಗೆ ತಾಗುವ ಪದರಕ್ಕೆ ತೆಳುವಾದ ಪಾಲಿಯೆಸ್ಟರ್ ಅಥವಾ ಮೆರಿನೋ ಎಂಬ ತಳಿಯ ಕುರಿಯ ನವಿರಾದ ಉಣ್ಣೆ ಲೇಸು. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೇಗ ನಾರುತ್ತದೆ. ಉಣ್ಣೆ ನಿಧಾನವಾಗಿ ಒಣಗಿದರೂ ಒದ್ದೆಯಾದಾಗ ಅಷ್ಟಾಗಿ ಕೊರೆಯುವುದಿಲ್ಲ. ನನ್ನ ಒಲವು ಉಣ್ಣೆಯ ಕಡೆಗೆ.

ನಡುವಿನ ಪದರದ ವಿಷಯದಲ್ಲಿ ನನ್ನ ಅನುಭವ ಹೇಳುವುದಿಷ್ಟು: ಒಂದು ದಪ್ಪನೆಯ ಉಡುಪಿಗಿಂತ ಎರಡು ತೆಳುವಾದವು ಮೇಲು. ಏರಿನಲ್ಲಿ ಒಂದನ್ನು ಕಳಚಿ, ಬಯಲಿಗೆ ಬಂದಾಗ ಮತ್ತೆ ತೊಡಬಹುದು. ನಡುವೆ ಗಾಳಿ ಸಿಕ್ಕಿಕೊಳ್ಳಲು ಇನ್ನೊಂದು ಎಡೆಯೂ ದೊರೆಯುತ್ತದೆ. ಕುತ್ತಿಗೆಯಿಂದ ಎದೆಯವರೆಗೆ ಜಿಪ್ ಇರುವ ಫ್ಲೀಸ್, ಅಂದರೆ ಕೃತಕ ನಾರಿನ ಮೆತ್ತನೆಯ ಬೆಚ್ಚನೆ ಉಡುಪು, ಆದರೆ ನಿಲ್ಲದೆಯೇ ಬಿಸಿಯನ್ನು ಹೊರಬಿಡಲು ಸಾಧ್ಯ.

ಫ್ಲೀಸಿನೊಳಗೆ ಗಾಳಿ ಸಲೀಸಾಗಿ ನುಗ್ಗುವುದರಿಂದ ಹೊರಪದರ ಬೇಕೇ ಬೇಕು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಮೈನಸ್ 6 ಡಿಗ್ರಿಯಷ್ಟು ಚಳಿಯಾಗಿ ತಟ್ಟುತ್ತದೆ. ಮಳೆಯಿಲ್ಲದ ದಿನ ಗಾಳಿ ತಡೆಯುವ ತೆಳು ಜಾಕೆಟ್ ಸಾಕು. ನೀರು ತಡೆಯುವ ಜಾಕೆಟ್ಟು, ಒಳಗಿನ ಆವಿಯನ್ನು ಹೊರಬಿಡುತ್ತದೆಂದು ಹೇಳಿಕೊಂಡರೂ, ಏರಿನಲ್ಲಿ ನಾವು ಸುರಿಸುವ ಬೆವರಿಗೆ ಸಾಟಿಯಾಗುವುದಿಲ್ಲ. ಕಂಕುಳಲ್ಲಿ ಜಿಪ್ ಇರುವುದನ್ನೇ ಆರಿಸಿಕೊಳ್ಳಿ. ಕಾಲುಗಳು ಸದಾ ದುಡಿಯುತ್ತಿರುವುದರಿಂದ ಬೇಗ ಒಣಗುವ ಒಂದು ಪ್ಯಾಂಟ್ ಬಹುಮಟ್ಟಿಗೆ ಸಾಲುತ್ತದೆ.

ಈಗ ನಾನು ಹೊರಡುವಾಗ ತುಸು ಚಳಿಯಾಗುವಷ್ಟೇ ಬಟ್ಟೆ ತೊಡುತ್ತೇನೆ. ಹತ್ತು ನಿಮಿಷ ನಡೆದರೆ ಮೈ ತಾನೇ ಹದಕ್ಕೆ ಬರುತ್ತದೆ. ನಿಂತಾಗ ತೊಡುವ ದಪ್ಪ ಜಾಕೆಟ್ಟು ಚೀಲದ ಬಾಯಲ್ಲೇ ಇರುತ್ತದೆ. ಪಕ್ಷಿಯ ನವಿರುತುಪ್ಪಳ ತುಂಬಿದ್ದು ಹಗುರವೇನೋ ಹೌದು, ಆದರೆ ತೊಯ್ದರೆ ಮುದ್ದೆಯಾಗಿ ಬಿಸಿ ಕಾಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಹನಿಯುವ ದಿನಗಳಲ್ಲಿ ಕೃತಕ ನಾರು ತುಂಬಿದ್ದನ್ನೇ ಒಯ್ಯುತ್ತೇನೆ. ಎಲ್ಲ ಪದರಗಳ ಮೇಲೂ ಹಿಡಿಸುವಷ್ಟು ಸಡಿಲವಾದ ಅದನ್ನು, ಚೀಲ ಇಳಿಸಿದ ಕೂಡಲೇ, ಚಳಿ ಮೈಗೆ ತಾಗುವ ಮೊದಲೇ ಹೊದ್ದುಕೊಳ್ಳುತ್ತೇನೆ. ಅದರ ಜೇಬಿನಲ್ಲಿ, ನೀರು ಇಳಿಯದ ಪುಟ್ಟ ಚೀಲದೊಳಗೆ, ಒಂದು ಜೊತೆ ಒಣ ಕೈಗವಸು ಯಾವಾಗಲೂ ಇರುತ್ತದೆ.