ಅನುಬಿಯಾಸ್ ಕಾಂಡವನ್ನು ಮರಳಲ್ಲಿ ಹೂಳಬೇಡಿ

ಅಕ್ವೇರಿಯಂನಲ್ಲಿ (ಮೀನಿನ ತೊಟ್ಟಿ) ಬೆಳೆಸುವ ಅನುಬಿಯಾಸ್, ಜಾವಾ ಫರ್ನ್, ಬುಸೆಫಲಾಂಡ್ರಾ ಗಿಡಗಳಲ್ಲಿ ಎಲೆ, ಬೇರು ಎರಡೂ ಹೊರಡುವುದು ಅಡ್ಡಲಾಗಿ ಹಬ್ಬುವ ದಪ್ಪ ಕಾಂಡದಿಂದ. ಅದನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ; ಬೇರು ಮಾತ್ರ ಒಳಗಿದ್ದರೆ ತೊಂದರೆಯಿಲ್ಲ. ಕಲ್ಲಿಗೋ ಮರದ ತುಂಡಿಗೋ ಹತ್ತಿದಾರದಿಂದ ಕಟ್ಟಿ, ಕಾಂಡ ನಲುಗುವಷ್ಟು ಬಿಗಿ ಬೇಡ. ಅಂಟಿಸುವುದಾದರೆ ಸೈಯನೋಅಕ್ರಿಲೇಟ್ ಜೆಲ್ (ಸೂಪರ್ ಗ್ಲೂ ಅಂಟು) ಒಂದೆರಡು ಹನಿ ಸಾಕು, ಬೆಳೆಯುವ ತುದಿಗೆ ತಾಗದಿರಲಿ.

ಬೆಳಕು ದಿನಕ್ಕೆ 6–8 ಗಂಟೆ, ಅದೂ ಮಂದವಾಗಿ. ಅನುಬಿಯಾಸ್ ಬೆಳೆಯುವುದು ಬಹಳ ನಿಧಾನ. ಬೆಳಕು ಹೆಚ್ಚಾದರೆ ಹಳೆಯ ಎಲೆಗಳ ಮೇಲೆ ಪಾಚಿ ಕೂರುತ್ತದೆ. ಕಲ್ಲಿಗೆ ಕಟ್ಟಿದ ಗಿಡ ನೀರಿನಿಂದಲೇ ಪೋಷಕಾಂಶ ಹೀರಬೇಕು, ಹಾಗಾಗಿ ದ್ರವ ಗೊಬ್ಬರ ಕೊಡಿ.

ಜಾವಾ ಫರ್ನ್ ಎಲೆಯಡಿಯ ಕಂದು ಚುಕ್ಕೆಗಳ ಸಾಲು ರೋಗವಲ್ಲ, ಹೊಸ ಗಿಡ ಹುಟ್ಟಿಸುವ ಬೀಜಕಗಳ (ಸ್ಪೋರ್) ಗುಂಪು. ದಯವಿಟ್ಟು ಆ ಎಲೆ ಕೀಳಬೇಡಿ. ಕಾಂಡ ಮೆತ್ತಗಾಗಿ ನಾರುತ್ತಿದ್ದರೆ ಮಾತ್ರ, ಗಟ್ಟಿ ಭಾಗ ಸಿಗುವವರೆಗೆ ಹರಿತವಾದ ಬ್ಲೇಡಿನಿಂದ ಕೊಯ್ದು ಎಸೆಯಿರಿ.