ಚಿಗಳಿ ಗೂಡಿನ ಪಕ್ಕ ಕೂತವರು

ಭಾನುವಾರದ ಕಮ್ಮಟದಲ್ಲಿ ಕೇಳಿದ ಒಂದು ಪ್ರಶ್ನೆ, ಅದಕ್ಕೆ ಬಂದ ಒಂದು ಉತ್ತರ ಇನ್ನೂ ತಲೆಯಿಂದ ಇಳಿದಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ಅದೇ ನೆನಪಾಗುತ್ತದೆ. ಕಮ್ಮಟ ನಡೆಸಿದವರು ಕೇಳಿದ್ದು: “ಇದರಲ್ಲಿ ನೀವೆಲ್ಲಿದ್ದೀರಿ?” ಚಿಗಳಿ ಇರುವೆಗಳ ಬಗ್ಗೆ ಬರೆದು ಓದಿದ ಒಬ್ಬ ಹೆಂಗಸು ಹೇಳಿದ್ದು: “ಪಕ್ಕದಲ್ಲೇ ಕೂತಿದ್ದೆನಲ್ಲ ಸರ್. ಅವಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ.”

ಮರಗಳ ನಡುವೆ ಕೂತು ಬರೆಯುವ ಕಮ್ಮಟ ಅದು. ಕುರ್ಚಿ ಇಲ್ಲ, ಪ್ರೊಜೆಕ್ಟರ್ ಇಲ್ಲ, ಫೋನು ಚೀಲದೊಳಗೆ. ಒಬ್ಬೊಬ್ಬರೂ ಒಂದೊಂದು ಜಾಗ ಹಿಡಿದು ಗಂಟೆ ಹೊತ್ತು ಕೂರಬೇಕು, ಆಮೇಲೆ ಬರೆಯಬೇಕು, ಆಮೇಲೆ ಎಲ್ಲರೆದುರು ಓದಬೇಕು. ನಾವು ಗುಂಪಾಗಿ ಬಂದಾಗ ಹಕ್ಕಿಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು. ಸುಮ್ನೆ ಕೂತ ಮೇಲೆ ಒಂದೊಂದಾಗಿ ಶುರು ಮಾಡಿದವು. ಮೊದಲು ದೂರದವು, ಆಮೇಲೆ ನಮ್ಮ ತಲೆ ಮೇಲಿನವು. ಅದನ್ನು ಕೇಳಿಸಿಕೊಳ್ಳುವುದಕ್ಕಾದರೂ ಇಂಥ ಕಡೆ ಹೋಗಬೇಕು ಅನ್ನಿಸಿತು.

ನಡೆಸಿದವರ ಬಗ್ಗೆ ನನಗೆ ಗೌರವವಿದೆ. ಬರೆಯಲು ಹೆದರುವವರನ್ನು ಬರೆಯುವಂತೆ ಮಾಡುವುದು ಸಣ್ಣ ಕೆಲಸವಲ್ಲ, ಅದು ಅವರಿಗೆ ಚೆನ್ನಾಗಿ ಬರುತ್ತದೆ. ಯಾರು ಎಷ್ಟೇ ತಡವರಿಸಿದರೂ ಕಾಯುತ್ತಾರೆ. ಆದರೆ ಅವರದ್ದೊಂದು ಗಟ್ಟಿ ನಂಬಿಕೆ ಇದೆ. ಬರವಣಿಗೆ ಅಂದರೆ ಒಳಗಿರುವುದು ಹೊರಗೆ ಬರುವುದು, ಮರ ಗಿಡ ಎಲ್ಲ ಅದಕ್ಕೊಂದು ನೆಪ ಅಂತ. ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು, “ಮರದಲ್ಲಿ ನಿಮ್ಮನ್ನು ಹುಡುಕಿ.”

ಎಲ್ಲರೂ ಹುಡುಕಿದರು, ಎಲ್ಲರಿಗೂ ಸಿಕ್ಕಿತು. ಒಬ್ಬರಿಗೆ ಒಣಗಿದ ಎಲೆಯಲ್ಲಿ ತಮ್ಮ ನಿವೃತ್ತಿ ಕಂಡಿತು. ಇನ್ನೊಬ್ಬರಿಗೆ ಬಳ್ಳಿಯಲ್ಲಿ ಅಮ್ಮ. ಕಾಲೇಜಿನ ಹುಡುಗನೊಬ್ಬ ಹಿಂದಿನ ರಾತ್ರಿಯ ಮಳೆಗೆ ಎದ್ದ ಮಣ್ಣಿನ ವಾಸನೆಯ ಬಗ್ಗೆ ಬರೆದಿದ್ದ, ಅದು ಅವನ ಬಾಲ್ಯವಂತೆ. ಅವನ ದನಿಯಲ್ಲಿ ಕಕ್ಕುಲಾತಿ ಇತ್ತು, ಸುಳ್ಳು ಇರಲಿಲ್ಲ. ಕನ್ನಡಕದ ಗೃಹಸ್ಥರೊಬ್ಬರು ಮಾತ್ರ ಕೂತ ಗಂಟೆಯಲ್ಲಿ ತಲೆಯನ್ನೇ ಎತ್ತಿರಲಿಲ್ಲ, ಆದರೂ ಎರಡು ಪುಟ ಆಕಾಶದ ಬಗ್ಗೆ ಓದಿದರು. ಅದು ನನಗೆ ಸರಿ ಕಾಣಲಿಲ್ಲ. ಮನೆಯಲ್ಲೇ ಬರೆದುಕೊಂಡು ಬರಬಹುದಾಗಿದ್ದ ಎರಡು ಪುಟ.

ಕೊನೆಗೆ ಆ ಹೆಂಗಸಿನ ಸರದಿ. ಹೆಸರು ಕೊಟ್ಟಿದ್ದು ಅವರ ಮಗಳು. ಅವಳಿಗೆ ಪರೀಕ್ಷೆ ಬಂತೆಂದು ಬದಲಿಗೆ ಇವರು ಬಂದಿದ್ದರು. ಕಾಗದವೂ ಇರಲಿಲ್ಲ, ನನ್ನ ಪುಸ್ತಕದಿಂದಲೇ ಹಾಳೆ ಕಿತ್ತು ಕೊಟ್ಟಿದ್ದೆ. ಅವರು ಕೂತದ್ದು ಚಿಗಳಿ ಇರುವೆಗಳು ಗೂಡು ಕಟ್ಟುತ್ತಿದ್ದ ಒಂದು ಕೊಂಬೆಯ ಹತ್ತಿರ. ಕಚ್ಚುತ್ತವೆ ಅಂತ ನಾವೆಲ್ಲ ದೂರ ಸರಿದಿದ್ದ ಜಾಗ.

ಅವರು ಓದಿದ್ದರಲ್ಲಿ ಇದ್ದದ್ದು ಇಷ್ಟು. ಎರಡು ಎಲೆ. ನಡುವೆ ಒಂದು ಇರುವೆಗೆ ಎಟುಕದಷ್ಟು ಸಂದು. ಒಂದು ಇರುವೆ ಎಲೆಯಂಚು ಕಚ್ಚಿ ನಿಂತಿತು. ಇನ್ನೊಂದು ಬಂದು ಅದರ ಸೊಂಟ ಹಿಡಿಯಿತು. ಅದರ ಸೊಂಟವನ್ನು ಮತ್ತೊಂದು. ಹಾಗೇ ಸರಪಳಿ ಬೆಳೆದು ಆಚೆ ಎಲೆ ಮುಟ್ಟಿತು. ಪಕ್ಕದಲ್ಲಿ ಇನ್ನೊಂದು ಸರಪಳಿ, ಅದರ ಪಕ್ಕ ಮತ್ತೊಂದು. ಎಲ್ಲವೂ ಹಿಂದಕ್ಕೆ ಜಗ್ಗಿದವು. ಒಂದು ಸರಪಳಿ ಕಿತ್ತುಹೋಯಿತು, ಎಲೆ ಪಟ್ಟಂತ ಹಿಂದೆ ಹೋಯಿತು, ಮತ್ತೆ ಮೊದಲಿಂದ. ಅಂಚಿಗೆ ಅಂಚು ಕೂಡಿದ ಮೇಲೆ ಇನ್ನು ಕೆಲವು ಇರುವೆಗಳು ಬಾಯಲ್ಲಿ ಬಿಳಿ ಮರಿಗಳನ್ನು ಕಚ್ಚಿಕೊಂಡು ಬಂದವು. ಮರಿಯ ಮೂತಿಯನ್ನು ಈ ಎಲೆಗೆ ಒಮ್ಮೆ, ಆ ಎಲೆಗೆ ಒಮ್ಮೆ ತಾಗಿಸುತ್ತಾ ಹೋದವು. ತಾಗಿಸಿದಲ್ಲೆಲ್ಲ ಬೆಳ್ಳಗೆ ನೂಲು ಕಂಡಿತು. “ಎಳೆದು ಹಿಡಿದಿದ್ದ ಇರುವೆಗಳು ಅಷ್ಟು ಹೊತ್ತೂ ಬಿಡಲಿಲ್ಲ.” ಅಷ್ಟೇ. ಓದಿ ಹಾಳೆ ಮಡಚಿದರು.

ಆಗಲೇ ಆ ಪ್ರಶ್ನೆ ಬಂದದ್ದು. “ಗಮನಿಸಿದ್ದೀರಿ, ಚೆನ್ನಾಗಿದೆ. ಆದರೆ ಇದರಲ್ಲಿ ನೀವೆಲ್ಲಿದ್ದೀರಿ?” ಅವರು ಅದನ್ನು ನಿಜವಾದ ಪ್ರಶ್ನೆ ಅಂತಲೇ ತಿಳಿದರು. ಸ್ವಲ್ಪ ಯೋಚಿಸಿ, ಆ ಕೊಂಬೆಯ ಕಡೆ ಕೈ ತೋರಿಸಿ ಹೇಳಿದರು. “ಪಕ್ಕದಲ್ಲೇ ಕೂತಿದ್ದೆನಲ್ಲ ಸರ್. ಅವಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ.” ವಾದದ ದನಿ ಅಲ್ಲ ಅದು. ದಾರಿ ಕೇಳಿದವರಿಗೆ ದಾರಿ ಹೇಳುವ ದನಿ. ಕೆಲವರು ನಕ್ಕರು. ನನಗೆ ಮೈ ಜುಮ್ಮೆಂದಿತು.

ಮನೆಗೆ ಬಂದು ಚಿಗಳಿ ಬಗ್ಗೆ ಓದಿದೆ. ಅವರು ಕಂಡದ್ದೆಲ್ಲ ಸರಿಯಾಗಿಯೇ ಇತ್ತು. ದೊಡ್ಡ ಇರುವೆಗಳಿಗೆ ನೂಲು ತೆಗೆಯಲು ಬರುವುದಿಲ್ಲ, ಅದು ಮರಿಹುಳುಗಳಿಗಷ್ಟೇ ಗೊತ್ತಿರುವ ಕೆಲಸ. ಬೇರೆ ಎಷ್ಟೋ ಜಾತಿಯ ಇರುವೆಗಳಲ್ಲಿ ಮರಿಹುಳು ಆ ನೂಲಿನಿಂದ ತನ್ನ ಸುತ್ತಲೇ ಗೂಡು ಸುತ್ತಿಕೊಂಡು ಒಳಗೆ ಬೆಳೆಯುತ್ತದೆ. ಚಿಗಳಿಯ ಮರಿ ಹಾಗೆ ಮಾಡುವುದಿಲ್ಲ. ಇರುವ ನೂಲನ್ನೆಲ್ಲ ಎಲ್ಲರ ಗೂಡಿಗೆ ಕೊಟ್ಟು ತಾನು ಬರಿಮೈಯಲ್ಲೇ ಬೆಳೆಯುತ್ತದೆ. ಇದನ್ನು ಓದಿದ ತಕ್ಷಣ ‘ತ್ಯಾಗ’ ಅಂತ ಬರೆಯಲು ನನ್ನ ಕೈ ಹೋಯಿತು. ಇರುವೆಗೆ ತ್ಯಾಗ ಗೊತ್ತಾ? ಅದು ನಮ್ಮ ಮಾತು. ಅದನ್ನು ಅಂಟಿಸಿದ ಮರುಕ್ಷಣವೇ ನಾನು ಇರುವೆಯನ್ನು ಬಿಟ್ಟು ನನ್ನ ಅಜ್ಜಿಯ ಬಗ್ಗೆ ಯೋಚಿಸಲು ಶುರು ಮಾಡುತ್ತೇನೆ. ಆ ಬಿಳಿ ಮರಿ ಅಲ್ಲೇ, ಎರಡು ಎಲೆಗಳ ನಡುವೆ, ನೋಡುವವರಿಲ್ಲದೆ ಉಳಿಯುತ್ತದೆ.

ಆ ಹುಡುಗನ ಮಣ್ಣಿನ ವಾಸನೆಯದ್ದೂ ಇದೇ ಕತೆ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ. ಯಾಕೆ ಅಂತ ಹುಡುಕಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸ್ಪ್ರಿಂಗ್‌ಟೇಲ್ ಅಂತ ಮಣ್ಣಿನಲ್ಲಿ ಕುಪ್ಪಳಿಸುವ ಪುಟ್ಟ ಜೀವಿಗಳಿವೆ. ಅವು ಈ ವಾಸನೆ ಹಿಡಿದು ಬಂದು ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಅದರ ಬೀಜಕಗಳನ್ನು ಮೈಗಂಟಿಸಿಕೊಂಡು ಬೇರೆ ಕಡೆ ಒಯ್ಯುತ್ತವೆ. ಅಂದರೆ ಆ ಕರೆ ನಮಗಲ್ಲವೇ ಅಲ್ಲ. ನಮ್ಮ ಕಾಲ ಕೆಳಗೆ ಯಾರೋ ಯಾರನ್ನೋ ಕರೆಯುತ್ತಿದ್ದಾರೆ, ದಾರಿಯಲ್ಲಿ ಹೋಗುವ ನಮ್ಮ ಮೂಗಿಗೂ ಅದು ಬೀಳುತ್ತದೆ. ಇದು ಗೊತ್ತಾದರೆ ಆ ಹುಡುಗನ ಬಾಲ್ಯವೇನೂ ಸಣ್ಣದಾಗುವುದಿಲ್ಲ. ಆದರೆ ಅವನ ಬರಹದಲ್ಲಿ ಒಂದು ಸಾಲಿನಷ್ಟಾದರೂ ಜಾಗ ಆ ಮಣ್ಣಿಗೂ ಸಿಗಬೇಕಿತ್ತು, ಅಲ್ವಾ?

ಕಮ್ಮಟದ ದಿನವೇ ಊಟದ ಹೊತ್ತಿನಲ್ಲಿ ನಡೆಸಿದವರ ಹತ್ತಿರ ಈ ಬಗ್ಗೆ ಮಾತಾಡಿದ್ದೆ. ಅವರು ಕಾಳಿದಾಸನನ್ನು ಮುಂದಿಟ್ಟರು. ಮೇಘದೂತದಲ್ಲಿ ಯಕ್ಷ ಮೋಡದ ಕೈಯಲ್ಲಿ ಹೆಂಡತಿಗೆ ಸುದ್ದಿ ಕಳಿಸುತ್ತಾನಲ್ಲ, ಅದು ಪ್ರಕೃತಿಯಲ್ಲಿ ತನ್ನನ್ನು ಕಾಣುವುದಲ್ಲವೇ ಅಂದರು. ಒಳ್ಳೆಯ ಮಾತೇ. ಆದರೆ ಆ ಕಾವ್ಯದ ಶುರುವಿನಲ್ಲೇ ಕಾಳಿದಾಸ ನಿಂತು ಹೇಳುತ್ತಾನೆ: ಹೊಗೆ, ಬೆಳಕು, ನೀರು, ಗಾಳಿ ಸೇರಿದ ಮೋಡವೆಲ್ಲಿ, ಜೀವ ಇರುವವರು ಒಯ್ಯಬೇಕಾದ ಸಂದೇಶವೆಲ್ಲಿ ಅಂತ. ಪ್ರೇಮದಲ್ಲಿ ನರಳುವವನಿಗೆ ಆ ವ್ಯತ್ಯಾಸ ತಿಳಿಯದು ಅಂತಲೂ ಸೇರಿಸುತ್ತಾನೆ. ಮೋಡ ಏನು ಅನ್ನುವುದನ್ನು ಮೊದಲು ಮೋಡಕ್ಕೆ ಬಿಟ್ಟುಕೊಟ್ಟು, ಆಮೇಲೆ ಯಕ್ಷನ ಮಾತು ಶುರುವಾಗುತ್ತದೆ. ಅದಕ್ಕೇ ಆ ಮಾತು ಅಷ್ಟು ನೋಯಿಸುತ್ತದೆ. ಮೋಡ ಬರಿಯ ಮೋಡ ಅಂತ ನಮಗೆ ಗೊತ್ತು, ಅವನು ಮಾತ್ರ ಹೇಳುತ್ತಲೇ ಇದ್ದಾನೆ. ಇದನ್ನು ಹೇಳಿದಾಗ ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಈ ವಾರವೆಲ್ಲ ನನ್ನನ್ನು ಕಾಡಿದ್ದು ಬರವಣಿಗೆಯ ವಿಷಯ ಮಾತ್ರವಲ್ಲ. ಗೆಳತಿಯ ತಂದೆ ತೀರಿಕೊಂಡಾಗ ಮನೆ ತುಂಬ ಜನ ಬಂದಿದ್ದರು. ಎಲ್ಲರೂ ಒಳ್ಳೆಯವರೇ. ಬಂದವರೆಲ್ಲ ಅವಳ ಕೈ ಹಿಡಿದು, ‘ನಮ್ಮಪ್ಪ ಹೋದಾಗಲೂ ಹೀಗೇ ಆಯ್ತು’ ಅಂತ ಶುರು ಮಾಡಿ ತಮ್ಮ ಕತೆ ಹೇಳಿ ಹೋದರು. ಪಕ್ಕದ ಮನೆಯ ಅಜ್ಜ ಒಬ್ಬರೇ ಕೇಳಿದ್ದು, “ಸಂಜೆ ಹೊತ್ತು ನಿಮ್ಮಪ್ಪ ಆ ಮೂಲೆಯಲ್ಲಿ ಕೂತು ಏನೋ ರಿಪೇರಿ ಮಾಡ್ತಿದ್ರಲ್ಲ, ಏನದು?” ಹಳೇ ರೇಡಿಯೋ ಅಂತ ಹೇಳಿದಳು. ಯಾವ ಭಾಗ ಸಿಗದೆ ನಿಂತಿತ್ತು, ಯಾರ ಹತ್ತಿರ ತರಿಸಿದ್ದರು, ಕೊನೆಗೆ ಯಾವ ಸ್ಟೇಷನ್ ಹಿಡಿಯಿತು, ಎಲ್ಲ ಹೇಳಿದಳು. ಅವತ್ತು ಅವಳು ಬಾಯಿಬಿಟ್ಟು ಮಾತಾಡಿದ್ದು ಅದೊಂದೇ ಸಲ. ಅಜ್ಜ ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರಿಗೆ ದುಃಖ ಇರಲಿಲ್ಲ ಅಂತ ಯಾರಾದರೂ ಹೇಳಲಾದೀತೇ?

ಆ ಹೆಂಗಸಿನ ಹಾಳೆಯಲ್ಲಿ ಅವರು ಇಲ್ಲ ಅನ್ನುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಸರಪಳಿ ಕಿತ್ತುಹೋದದ್ದನ್ನು ಕಂಡವರು ಯಾರು? ಕಚ್ಚಬಹುದು ಅಂತ ಗೊತ್ತಿದ್ದೂ ಅಷ್ಟು ಹತ್ತಿರ ಮುಖ ಒಯ್ದವರು ಯಾರು? “ಅಷ್ಟು ಹೊತ್ತೂ ಬಿಡಲಿಲ್ಲ” ಅನ್ನುವ ಸಾಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅಷ್ಟು ಹೊತ್ತು ಬಿಡದೆ ನೋಡಿದವರಿಗೆ ಮಾತ್ರ ಬರುವ ಸಾಲು ಅದು.

ಮುಂದಿನ ತಿಂಗಳು ಮತ್ತೆ ಕಮ್ಮಟ ಇದೆ. ಮೊದಲ ಸುತ್ತಿನಲ್ಲಿ ಯಾರೂ ‘ನಾನು’ ಅಂತ ಬರೆಯದೆ, ಕಂಡದ್ದನ್ನಷ್ಟೇ ಬರೆಯಲಿ ಅಂತ ನಡೆಸಿದವರಿಗೆ ಕೇಳಿಕೊಂಡಿದ್ದೇನೆ. ಎರಡನೇ ಸುತ್ತು ಅವರಿಗೆ ಬೇಕಾದ ಹಾಗೆಯೇ ಇರಲಿ. ಅರ್ಧ ಗಂಟೆ ಬಿಟ್ಟುಕೊಡಲು ಒಪ್ಪಿದ್ದಾರೆ. ಆ ಹೆಂಗಸಿನ ನಂಬರ್ ಯಾರ ಹತ್ತಿರವೂ ಇಲ್ಲ, ಪಟ್ಟಿಯಲ್ಲಿರುವುದು ಮಗಳದ್ದು. ಅವಳಿಗೆ ಮೆಸೇಜ್ ಹಾಕಿದ್ದೇನೆ: ಈ ಸಲ ನೀನೂ ಬಾ, ಅಮ್ಮನನ್ನೂ ಕರೆದುಕೊಂಡು ಬಾ.