ಆಶುವಿನ ಊರಿನವಳು

ಸಂಜೆ ಟ್ರಾಮಿಗೆ ಕಾಯುವಾಗ ನಾನು ಕೂರುವ ಲೋಹದ ಕುರ್ಚಿ ಒಂದು ಸ್ಮಾರಕದ ಭಾಗ. ಪೋಲೆಂಡಿನ ಈ ಕ್ರಾಕೋವ್ ನಗರಕ್ಕೆ ಓದಲು ಬಂದ ಹೊಸತರಲ್ಲೇ ಅದು ಗೊತ್ತಾಗಿತ್ತು. ಗೊತ್ತಿದ್ದೂ ಕೂರುತ್ತಿದ್ದೆ, ಎಲ್ಲರೂ ಕೂರುತ್ತಾರೆ. ಕಳೆದ ಗುರುವಾರದಿಂದ ನಿಂತೇ ಕಾಯುತ್ತಿದ್ದೇನೆ.

ಅಂದು ತರಗತಿ ಇರಲಿಲ್ಲ. ಅಮೆರಿಕದಿಂದ ಬಂದ ಯಹೂದಿ ಯುವಕ ಯುವತಿಯರ ತಂಡವೊಂದಕ್ಕೆ ನನ್ನ ಸಹಪಾಠಿ ಊರು ತೋರಿಸುತ್ತಿದ್ದಳು. ನಾನೂ ಜೊತೆಗೆ ಹೊರಟೆ. ತಮ್ಮ ಹಿರಿಯರು ಬಾಳಿದ ಬೀದಿಗಳನ್ನು ನೋಡಲೆಂದೇ ಬಂದವರು ಅವರು. ಬೆಳಿಗ್ಗೆ ಕಾಜಿಮಿಯೆಜ್ ಬಡಾವಣೆಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ರೆಮು ಸಿನಗಾಗ್‌ಗೆ ಹೋದೆವು. ಅದರ ಹಿಂದಿನ ಸ್ಮಶಾನದಲ್ಲಿ 1572ರಲ್ಲಿ ತೀರಿಕೊಂಡ ಧರ್ಮಗುರು ರಬ್ಬಿ ಮೋಶೆ ಇಸ್ಸರ್ಲೆಸ್ ಅವರ ಸಮಾಧಿಯಿದೆ. ಮೇಲೆ ಹೂವಿಲ್ಲ, ಬಂದವರು ಇಟ್ಟುಹೋದ ಬೆಣಚುಕಲ್ಲುಗಳಿವೆ. ಬೀದಿಯ ಕಡೆಗೊಂದು ಗೋಡೆ. ನಾಜಿಗಳು ಒಡೆದುಹಾಕಿದ ಸಮಾಧಿಕಲ್ಲುಗಳ ಚೂರುಗಳನ್ನು ಯುದ್ಧದ ನಂತರ ಒಟ್ಟುಮಾಡಿ ಕಟ್ಟಿದ್ದು. ಒಂದು ಚೂರಿನಲ್ಲಿ ಎರಡು ಅಕ್ಷರ, ಇನ್ನೊಂದರಲ್ಲಿ ಅರ್ಧ ಹೆಸರು.

ಹತ್ತೊಂಬತ್ತರ ಹುಡುಗಿಯೊಬ್ಬಳು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಅವಳ ಮುತ್ತಜ್ಜಿ ಹುಟ್ಟಿದ್ದು ಇದೇ ಬಡಾವಣೆಯಲ್ಲಂತೆ. ಕೈಯಲ್ಲಿದ್ದ ಹಾಳೆಯಲ್ಲಿ ಮುತ್ತಜ್ಜಿಯ ಹೆಸರು, ಆಕೆಯ ತಾಯಿಯ ಹೆಸರು, ಅವಳ ತಾಯಿಯ ಹೆಸರು.

ಮಧ್ಯಾಹ್ನ ವಿಸ್ತುಲಾ ನದಿ ದಾಟಿ ನನ್ನ ಟ್ರಾಮ್ ನಿಲ್ದಾಣದ ಚೌಕಕ್ಕೆ ಬಂದೆವು. 1941ರ ಮಾರ್ಚ್‌ನಲ್ಲಿ ನಾಜಿಗಳು ನಗರದ ಯಹೂದಿಗಳನ್ನು ಈ ಕಡೆಯ ಕೆಲವೇ ಬೀದಿಗಳೊಳಗೆ ತುರುಕಿ ಸುತ್ತ ಗೋಡೆ ಕಟ್ಟಿದರು. ಎರಡು ವರ್ಷದ ಬಳಿಕ, 1943ರ ಮಾರ್ಚ್ 13 ಮತ್ತು 14ರಂದು, ಉಳಿದವರನ್ನು ಶಿಬಿರಗಳಿಗೆ ಅಟ್ಟಿದರು, ಹಲವರನ್ನು ಬೀದಿಯಲ್ಲೇ ಕೊಂದರು. ಜನ ಹೋದ ಮೇಲೆ ಚೌಕದಲ್ಲಿ ಬಿದ್ದಿದ್ದ ಮೇಜು ಕುರ್ಚಿಗಳ ನೆನಪಿಗೆ ಈ ಖಾಲಿ ಕುರ್ಚಿಗಳು. ಹುಡುಗಿ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು, ಕೂರಲಿಲ್ಲ.

ಆಗಲೇ ಅವಳು ನನ್ನ ಊರು ಕೇಳಿದ್ದು. ಮಂಗಳೂರು ಎಂದೆ. ಮುಖ ಅರಳಿತು. "ಆಶುವಿನ ಊರು!"

ಯಾವ ಆಶು? ಅವಳೇ ಹೇಳಿದಳು. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲೆಸಿದ್ದ. ಮೆಣಸು, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಅರಬ್ಬೀ ಕರಾವಳಿಯ ಏಡನ್ ಬಂದರಿನಿಂದ ಬಂದ ಒಡೆದ ತಾಮ್ರದ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. 1132ರಲ್ಲಿ ಆಶು ಎಂಬ ತುಳುನಾಡಿನ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರ ಊಹೆ. ದೇವರ ಹೆಸರು ಇರಬಹುದಾದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಸಿನಗಾಗ್‌ನ ಕೋಣೆಯೊಂದರಲ್ಲಿ ಹಾಕಿಡುತ್ತಾರೆ. ಹಾಗಾಗಿ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಅವನ ಪತ್ರ, ಲೆಕ್ಕಗಳ ಜೊತೆ ಆಶುವಿನ ಹೆಸರೂ ಉಳಿದುಕೊಂಡಿತು.

ಮಂಗಳೂರಿನ ಬಂದರಿನಲ್ಲಿ ಎಷ್ಟು ಸಲ ಓಡಾಡಿದ್ದೇನೆ! ಶಾಲೆಯಲ್ಲಿ ಪೋರ್ಚುಗೀಸರ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆಶುವಿನ ಹೆಸರನ್ನು, ನಮ್ಮೂರಿನಲ್ಲಿ ಹೆಣ್ಣೊಬ್ಬಳನ್ನು ಕೊಳ್ಳಬಹುದಾಗಿತ್ತು ಎಂಬುದನ್ನು, ಯಾರೂ ಹೇಳಿಕೊಡಲಿಲ್ಲ.

"ನಿನ್ನ ಮುತ್ತಜ್ಜಿಯ ಹೆಸರೇನು?" ಹುಡುಗಿ ಸಹಜವಾಗಿಯೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮದು ಅಳಿಯಸಂತಾನದ ಮನೆತನ. ಮನೆ, ಗದ್ದೆ, ಬಳಿ ಎಂಬ ಕುಲದ ಹೆಸರು ಎಲ್ಲವೂ ತಾಯಿಯ ಕಡೆಯಿಂದ ಬಂದದ್ದು. ಆ ತಾಯಂದಿರಲ್ಲಿ ಅಜ್ಜಿಯಿಂದಾಚೆ ಒಬ್ಬರ ಹೆಸರೂ ನನಗೆ ತಿಳಿಯದು.

ರಾತ್ರಿ ಹಾಸಿಗೆಯಲ್ಲಿ ಬಂಟ್ವಾಳದ ಮನೆ ಕಣ್ಣಮುಂದೆ ಬಂತು. ನನಗಾಗ ಎಂಟು ವರ್ಷವಿರಬೇಕು. ಅಟ್ಟ ಖಾಲಿ ಮಾಡುವಾಗ ದೊಡ್ಡ ಮಾವ ಕೆಂಪು ಬಟ್ಟೆಯ ಗಂಟುಗಳನ್ನು ಕೆಳಗೆಸೆದರು. ಲೆಕ್ಕದ ಪುಸ್ತಕಗಳು, ಗೇಣಿ ಚೀಟಿಗಳು, ಗೆದ್ದಲು ತಿಂದ ಪತ್ರಗಳು. ಬಚ್ಚಲಿನ ಹಂಡೆಯ ಒಲೆಗೆ ಅವನ್ನು ಹಾಕುವ ಕೆಲಸ ನನ್ನದು. ಮಳೆಗಾಲ, ಮಡಲು ಒದ್ದೆಯಾಗಿತ್ತು, ಕಾಗದ ಬೇಗ ಹತ್ತಿಕೊಳ್ಳುತ್ತಿತ್ತು. ಹಾಳೆ ಸುರುಳಿಯಾಗಿ ಕಪ್ಪಾದ ಮೇಲೂ ಶಾಯಿಯ ಅಕ್ಷರಗಳು ಒಂದು ಕ್ಷಣ ಹೊಳೆದು ಕಾಣುತ್ತಿದ್ದವು. ಅದನ್ನು ನೋಡಲೆಂದೇ ಒಂದೊಂದಾಗಿ ಹಾಕುತ್ತಿದ್ದೆ. ಮೂರು ದಿನ ಮನೆಮಂದಿಯೆಲ್ಲ ಆ ನೀರಿನಲ್ಲಿ ಸ್ನಾನ ಮಾಡಿದೆವು.

ಮರುದಿನ ಅಮ್ಮನಿಗೆ ಕರೆ ಮಾಡಿದೆ. "ಅಜ್ಜಿಯ ಅಮ್ಮನಾ? ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರಲ್ಲ" ಎಂದು ತುಳುವಿನಲ್ಲಿ ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಹೆಸರು ನಾನೂ ಕೇಳಿಲ್ಲ ನೋಡು" ಎಂದರು. ಸ್ವರ ಇಳಿದಿತ್ತು.

ಅಜ್ಜಿಯ ತಂಗಿ ಪುತ್ತೂರಿನಲ್ಲಿದ್ದಾರೆ, ತೊಂಬತ್ತೊಂದು ದಾಟಿದೆ. ಫೋನಿನಲ್ಲಿ ಅವರಿಗೆ ಕೇಳಿಸುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಅಮ್ಮ ಹೋಗುತ್ತಾರೆ. ಒಂದು ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಲು ಹೇಳಿದ್ದೇನೆ.